ಹೊಂಡದ ನೀರಿನಲ್ಲಿ ಅನಿಲವಿರಲಿಲ್ಲ ಎಂದವರಿಗೆ

ಕೊಳಚೆ ನೀರು ವಿಭಾಗದ ಮುಖ್ಯ ಅಧಿಕಾರಿಗಳೇ,

ನನ್ನ ತಮ್ಮ ಸತ್ತದ್ದು ಅವನದೇ ಅಜಾಗರೂಕತೆಯಿಂದ ಎಂದು ವರದಿ ಬರೆದಿದ್ದೀರಿ. "ಹೊಂಡದಲ್ಲಿ ಇದ್ದದ್ದು ದ್ರವ ಮಾತ್ರ, ಅನಿಲ ಇರಲಿಲ್ಲ" ಎಂಬ ಅದರ ಸಾಲು ಶುದ್ಧ ಸುಳ್ಳು. ಅದನ್ನು ಅಳಿಸುವವರೆಗೂ ನಿಮ್ಮನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ತಾವು, ತಮ್ಮ ಎಂದು ಬರೆಯುವುದು ಇಂಥ ಪತ್ರಗಳ ರೂಢಿ. ಕ್ಷಮಿಸಿ, ನನ್ನ ಬಾಯಲ್ಲಿ 'ತಮ್ಮ' ಎಂಬ ಮಾತು ಬೇರೊಬ್ಬನಿಗೆ ಮೀಸಲು.

ಅವನು ಪಂಪ್ ಮೆಕ್ಯಾನಿಕ್. ಅವತ್ತು ಹೊಂಡದೊಳಗೆ ಕೆಟ್ಟುನಿಂತ ಪಂಪನ್ನು ಎತ್ತಬೇಕಿತ್ತು. ಮುಚ್ಚಳ ತೆರೆದು ಅನಿಲ ಅಳೆಯುವ ಮೀಟರ್ ಇಳಿಸಿದರೆ ಸೊನ್ನೆ ತೋರಿಸಿತು. ಆದರೂ ಅವನು ಕೇಳಿದ: "ಸಾರ್, ಕೆಸರು ಕಲಕಿದ್ರೆ ಗ್ಯಾಸ್ ಏಳುತ್ತೆ. ಗಾಳಿ ಊದೋ ಬ್ಲೋವರ್ ತರಿಸಿ, ಮಾಸ್ಕ್ ಕೊಡಿ, ಇಳೀತೀನಿ."

ನೀವು ನಕ್ಕಿರಿ. "ನೀರೊಳಗೆ ಎಲ್ಲಿಂದ ಬರುತ್ತಯ್ಯ ಗ್ಯಾಸು? ಅಕ್ಕ ಕೆಮಿಸ್ಟ್ರಿ ಮೇಡಂ ಅಂತ ನೀನೂ ನಂಗೆ ಪಾಠ ಹೇಳ್ತೀಯಾ? ಇಳಿಯೋದಾದ್ರೆ ಇಳಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಅವನು ಇಳಿದ. ಪಂಪನ್ನು ಅಲ್ಲಾಡಿಸಿದ. ಮೇಲೆ ಹಗ್ಗ ಹಿಡಿದಿದ್ದ ಜೊತೆಗಾರ ಎಷ್ಟು ಕೂಗಿದರೂ ಉತ್ತರ ಬರಲಿಲ್ಲ.

ನಾನು ಮಕ್ಕಳಿಗೆ ಹೇಳುವ ಪಾಠವನ್ನು ನಿಮಗೂ ಹೇಳಲೇ? ದ್ರಾವಣವೆಂದರೆ ಬರೀ ಸಕ್ಕರೆ ನೀರಲ್ಲ. ಕರಗುವುದು ಘನವಾಗಿರಬಹುದು, ದ್ರವವಾಗಿರಬಹುದು, ಅನಿಲವಾಗಿರಬಹುದು; ಕರಗಿಸಿಕೊಳ್ಳುವುದೂ ಅಷ್ಟೇ. ಘನದಲ್ಲಿ ಘನ ಬೆರೆತದ್ದು ನಿಮ್ಮ ಕಚೇರಿ ಬಾಗಿಲಿನ ಹಿತ್ತಾಳೆ ಹಿಡಿ. ಅನಿಲದಲ್ಲಿ ಅನಿಲ ಬೆರೆತದ್ದು ನೀವು ಸಲೀಸಾಗಿ ಎಳೆದುಕೊಳ್ಳುತ್ತಿರುವ ಗಾಳಿ. ದ್ರವದಲ್ಲಿ ಅನಿಲ? ನಿಮ್ಮ ಕಚೇರಿಯಲ್ಲಿ ನಡೆದ ವಿಚಾರಣೆಯ ದಿನ ನೀವು ಸೋಡಾ ಬಾಟಲಿ ತೆರೆದಾಗ ಬುಸ್ಸೆಂದು ಎದ್ದದ್ದು ಏನು, ನಿಮ್ಮ ಪಾಂಡಿತ್ಯವೇ? ಹೊಂಡದ ಕೊಳೆತ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೀಗೆಯೇ ಕರಗಿ ಕೂತಿತ್ತು. ಕರಗಿದ್ದಷ್ಟು ಹೊತ್ತು ಮೇಲಿನ ಗಾಳಿ ಅಳೆಯುವ ಮೀಟರಿಗೆ ಅದು ಸಿಗದು. ಕಲಕಿದೊಡನೆ ಮೇಲೇಳುತ್ತದೆ, ಅತಿಯಾದರೆ ಮೂಗಿಗೆ ವಾಸನೆ ಕೂಡ ತಿಳಿಯುವುದಿಲ್ಲ. ಇಷ್ಟನ್ನು ತಿಳಿಯದೆ ಆ ಕುರ್ಚಿ ಹತ್ತಿದಿರಾ, ಅಥವಾ ತಿಳಿದೂ ಅವನನ್ನು ಇಳಿಸಿದಿರಾ?

ವಿಚಾರಣೆಯಲ್ಲಿ ತಮ್ಮನ ಹೆಂಡತಿಯನ್ನು ಕೂರಿಸಿಕೊಂಡು ನೀವು ಕೇಳಿದ್ದು ಒಂದೇ ಪ್ರಶ್ನೆ: "ಕುಡೀತಿದ್ನಾ?" ಅವಳು "ಇಲ್ಲ ಸಾರ್" ಎಂದಳು. ನೀವು ಆಕಳಿಸಿದಿರಿ. ಆ ಆಕಳಿಕೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಿಮಗೊಂದು ಸಿಹಿಸುದ್ದಿ. ಇಷ್ಟು ದಿನ ಹೆದರಿ ಬಾಯಿ ಬಿಡದಿದ್ದ ಜೊತೆಗಾರ ಮೊನ್ನೆ ಮನೆಗೆ ಬಂದ. "ಅಕ್ಕಾ, ಕೆಲಸ ಹೋದ್ರೆ ಹೋಗ್ಲಿ. ಸಾಹೇಬ್ರು ಹೇಳಿದ್ದನ್ನ ಹೇಳಿಬಿಡ್ತೀನಿ" ಎಂದ. ನಿನ್ನೆ, ನಾವು ಹೂಡಿದ ಮೊಕದ್ದಮೆಯಲ್ಲಿ, ನ್ಯಾಯಾಧೀಶರ ಮುಂದೆ ನಿಮ್ಮ ಒಂದೊಂದು ಮಾತನ್ನೂ ಒಪ್ಪಿಸಿದ. ನಿಮಗೂ ನ್ಯಾಯಾಲಯದಿಂದ ಕರೆ ಬರುತ್ತದೆ. ಅಂದು ಎದೆನೋವೆಂದು ಆಸ್ಪತ್ರೆ ಸೇರಬೇಡಿ; ಬಿಡುಗಡೆಯಾಗುವತನಕ ಬಾಗಿಲಲ್ಲೇ ಕಾಯುತ್ತೇನೆ.

ನಿಮ್ಮ ಸಂತಾಪ ನನಗೆ ಬೇಡ, ಕ್ಷಮೆ ಕೇಳಿದರೂ ಕೊಡುವುದಿಲ್ಲ. ವರದಿಯಿಂದ 'ಅಜಾಗರೂಕತೆ' ಎಂಬ ಪದ ಹೋಗಬೇಕು. ಆಮೇಲೆ ಕಟಕಟೆಯಲ್ಲಿ ನಿಂತು, ಅವನ ಹೆಂಡತಿಯ ಮುಖ ನೋಡುತ್ತಾ, ಅವನಿಗೆ ಅಂದು ಏನು ಹೇಳಿದಿರೋ ಅದನ್ನು ಗಟ್ಟಿಯಾಗಿ ಹೇಳಬೇಕು. ನಗುತ್ತಾ ಹೇಳಿದ್ದಿರಲ್ಲ, ಹಾಗೆಯೇ.

ಇಂತಿ,
ಹೊಂಡದ ಪಕ್ಕ ಬಿಟ್ಟಿದ್ದ ಅವನ ಚಪ್ಪಲಿಗಳನ್ನು ಎತ್ತಿಕೊಂಡು ಮನೆಗೆ ಬಂದ ಅಕ್ಕ