ಮನೆ ಇಲ್ಲದವರ ಸರದಿ

ವೈಶಾಖದ ನಲವತ್ತೊಂದನೇ ದಿನ. ನಿಮ್ಮ ಲೆಕ್ಕದಲ್ಲಿ 2219ನೇ ಇಸವಿ. ನಿಮ್ಮ ಕಾಲದಲ್ಲಿ ವೈಶಾಖ ಮೂವತ್ತಕ್ಕೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಮಳೆ ಬರುವವರೆಗೂ ಅದೇ ತಿಂಗಳು.

ಸರದಿ ಯಂತ್ರಕ್ಕೆ ಆ ಒಂದು ಸಾಲು ಬರೆದವರಿಗೆ, ಚಿತ್ತಾಪುರದ ಕಡೆಯ ಫರ್ಸಿ ಕಲ್ಲಿನ ಖಣಿಯಿಂದ ಸಾಬಮ್ಮನ ಶರಣು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ದೊಡ್ಡವರಿಗೆ ಕಾಗದ ಬರೆದು ರೂಢಿಯಿಲ್ಲ, ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲು ಇವತ್ತು ಹೊರಡುತ್ತದೆ, ಅದಕ್ಕೇ ಧೈರ್ಯ ಮಾಡಿದ್ದೇನೆ.

ಬಿಸಿಲು ಮಿತಿ ಮೀರಿದ ದಿನಕ್ಕೆ ನಾವು ಕೆಂಡದಿನ ಅನ್ನುತ್ತೇವೆ. ಅವತ್ತು ಊರೆಲ್ಲ ಹಳೆಯ ಕಲ್ಲುಖಣಿಯ ತಳಕ್ಕೆ ಇಳಿಯಬೇಕು. ಅಲ್ಲಿ ಕಲ್ಲು ತಂಪಾಗಿದೆ, ಒರತೆಯ ನೀರಿದೆ. ಹೆಂಗಸರು ಗೋಡೆಗೆ ಒರಗಿ ರೊಟ್ಟಿಗೆ ಹಿಟ್ಟು ನಾದುತ್ತಾರೆ, ಮುದುಕರು ಎಲೆ ಅಡಿಕೆ ಹಾಕಿಕೊಂಡು ಜಗಳ ಆಡುತ್ತಾರೆ. ಆದರೆ ಜನರನ್ನು ಹಗ್ಗದಲ್ಲಿ ಕೆಳಗಿಳಿಸುವ ತೊಟ್ಟಿಲು ಒಂದೇ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಇಳಿಯದವರು ಉಳಿಯುವುದು ಕಷ್ಟ. ಯಾರು ಮೊದಲು ಎಂದು ನಿಮ್ಮ ಯಂತ್ರ ಹೇಳುತ್ತದೆ.

ಅದು ಹೇಗೆ ಹೇಳುತ್ತದೆಂದು ಯಂತ್ರ ನೋಡಿಕೊಳ್ಳುವ ಲಾಡ್ಲೇಬಿ ಕಾಕಿ ನನಗೆ ತಿಳಿಸಿಕೊಟ್ಟಳು. ಯಂತ್ರಕ್ಕೆ ಒಬ್ಬೊಬ್ಬ ಮನುಷ್ಯನೂ ಒಂದು ಗಂಟು. ಗಂಟಿನೊಳಗೆ ಹೆಸರು, ವಯಸ್ಸು, ಜೊತೆಗೆ ಮನೆ ಎಂಬ ಸಣ್ಣ ಗಂಟು. ಅದನ್ನೂ ಬಿಚ್ಚಿದರೆ ತಲೆಯ ಮೇಲಿನ ಮಾಳಿಗೆಯ ಬಿಸಿ ಎಷ್ಟೆಂಬ ಅಂಕಿ. ಯಂತ್ರ ಇಬ್ಬರಿಬ್ಬರನ್ನು ಎದುರುಬದುರು ಇಟ್ಟುಕೊಂಡು, ಒಳಗಿನ ಒಳಗನ್ನು ನೋಡಿ, ಹೆಚ್ಚು ಬೇಯುತ್ತಿರುವವರನ್ನು ಮುಂದೆ ತರುತ್ತದೆ. ತರುವಾಗ ಅಂಕಿಯನ್ನಷ್ಟೇ ತರುವುದಿಲ್ಲ, ಇಡೀ ಮನುಷ್ಯನನ್ನು ತರುತ್ತದೆ. ಹೆಸರು ನೋಡುವುದಿಲ್ಲ, ಮೇಲಿನ ಬಟ್ಟೆ ನೋಡುವುದಿಲ್ಲ. ಇದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು.

ಹೋದ ವರ್ಷ ನಾವು ಗಾಡಿಯಲ್ಲಿ ಹೊಸದಾಗಿ ಬಂದಿದ್ದೆವು. ನಮ್ಮ ಅಕ್ಕ ದ್ಯಾವಮ್ಮ ತುಂಬು ಬಸುರಿ. ಮನೆ ಇರಲಿಲ್ಲ, ಗಾಡಿಯ ಕೆಳಗೇ ಸಂಸಾರ. ಬಂದ ವಾರದಲ್ಲೇ ಕೆಂಡದಿನ ಬಂತು. ಪಕ್ಕದಲ್ಲಿ ನಿಂತಿದ್ದ ಈ ಊರಿನ ಮಾಪಣ್ಣ ನಕ್ಕ.

"ಮನೀನೇ ಇಲ್ಲ, ಯಾವ ಮಾಳಗಿ ನೋಡ್ತದ ಅದು? ಸಂಜಿಕ ಇಳೀರಿ, ತಂಪ ಇರ್ತದ."

ಅವನು ಹೇಳಿದ್ದು ಸುಳ್ಳಲ್ಲ. ಬೇರೆ ಖಣಿಗಳ ಯಂತ್ರ ಮನೆ ಇಲ್ಲದವರ ಗಂಟು ಬಿಚ್ಚಿ, ಒಳಗೆ ಏನೂ ಕಾಣದೆ, ಅವರನ್ನು ಕೊನೆಗೆ ತಳ್ಳುತ್ತದೆ. ಅಕ್ಕನ ತುಟಿ ಒಣಗಿ ಬಿಳಿಚಿತ್ತು. ಆಗ ಯಂತ್ರ ಎಲ್ಲರಿಗಿಂತ ಮೊದಲು ಕೂಗಿದ್ದು ಅವಳ ಹೆಸರು.

"ನಾನಲ್ಲ, ಬ್ಯಾರೆ ದ್ಯಾವಮ್ಮ ಇರಬೇಕ್ರಿ," ಅಂದಳು ಅಕ್ಕ.

"ಬ್ಯಾರೆ ದ್ಯಾವಮ್ಮನೂ ಇಷ್ಟು ದೊಡ್ಡ ಹೊಟ್ಟಿ ಹೊತ್ತಾಳೇನವ್ವ? ಹತ್ತು ಜಲ್ದಿ!" ಎಂದು ಲಾಡ್ಲೇಬಿ ಕಾಕಿ ಕೈಹಿಡಿದು ತೊಟ್ಟಿಲಿಗೆ ಹತ್ತಿಸಿದಳು. ಮಧ್ಯಾಹ್ನ ತಳದಲ್ಲೇ ಹೆರಿಗೆಯಾಯಿತು. ಹೆಣ್ಣು.

ಮನೆ ಇಲ್ಲದವರನ್ನು ಎಲ್ಲರಿಗಿಂತ ಹೆಚ್ಚು ಬಿಸಿಯಲ್ಲಿರುವವರೆಂದು ತಿಳಿ, ಮುಂದೆ ನಿಲ್ಲಿಸು. ಇದು ನಿಮ್ಮ ಸಾಲು. ಇನ್ನೂರು ವರ್ಷದ ಹಿಂದೆ ಕೂತು ನಮ್ಮಂಥವರನ್ನು ಹೇಗೆ ನೆನೆದಿರಿ? ಇದನ್ನೇ ಕಾಕಿಯನ್ನು ಕೇಳಿದಾಗ ಅವಳು ಯಂತ್ರದಲ್ಲಿ ಆ ಸಾಲು ಹುಡುಕಿ ನೋಡಿದಳು. ಆ ಸಾಲಿನ ಪಕ್ಕ ನೀವೇ ಬರೆದುಕೊಂಡ ಮಾತೊಂದಿದೆಯಂತೆ: ಸದ್ಯಕ್ಕೆ ಹೀಗಿರಲಿ, ಆಮೇಲೆ ತೆಗೆಯಬೇಕು.

ಅದನ್ನು ಕೇಳಿದಾಗಿನಿಂದ ನನಗೆ ಹೆದರಿಕೆ. ಖಾಲಿ ಗಂಟು ಕಂಡು ಯಂತ್ರ ನಿಲ್ಲಬಾರದೆಂದು ಅವಸರದಲ್ಲಿ ಬರೆದಿದ್ದೀರೋ ಏನೋ. ಇರಲಿ. ನಿಮ್ಮ ಅವಸರದ ಕೈಯೂ ಒಳ್ಳೆಯದನ್ನೇ ಬರೆದಿದೆ. ದಯವಿಟ್ಟು ತೆಗೆಯಬೇಡಿ. ಯಾರಾದರೂ ಇದು ಬೇಡದ ಸಾಲು ಅಂದರೆ, ಬೇಕು ಎಂದು ಹೇಳಿ.

ನಮಗೆ ಈಗ ಮನೆ ಇದೆ. ಮಾಳಿಗೆಗೆ ಮಣ್ಣು ಹಾಕಿದ್ದೇವೆ, ಅಷ್ಟೇನೂ ಕಾಯುವುದಿಲ್ಲ. ಮೊನ್ನೆ ಎರಡು ಗಾಡಿ ಹೊಸಬರು ಬಂದರು. ಇವತ್ತು ಕೆಂಡದಿನ, ಯಂತ್ರ ಅವರ ಹೆಸರು ಮೊದಲು ಕೂಗಿದೆ. ಸರದಿಯಲ್ಲಿ ನಾವು ತುಂಬ ಹಿಂದೆ ಇದ್ದೇವೆ. ಅಕ್ಕ ಮಗುವಿನ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ನಿಂತಿದ್ದಾಳೆ, ಅವರು ಇಳಿಯುವುದನ್ನು ನೋಡುತ್ತಿದ್ದಾಳೆ.