ನಾಲ್ಕನೆಯ ಕಿಟಕಿ ಸೋರಿದ ದಿನ

ಬಸವೇಶ್ವರನಗರ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ದಸರೆ ಮುಗಿದ ಕೂಡಲೇ ಮೈಸೂರಿಗೆ ಬಂದು ನಿನ್ನ ಹತ್ತಿರವೇ ಇದ್ದುಬಿಡುತ್ತೇನೆ ಎಂದವಳು ಇನ್ನೂ ಇಲ್ಲೇ ಇದ್ದೇನೆ. ನೀನು ರೂಮಿಗೆ ಬಣ್ಣ ಹೊಡೆಸಿ, ಮಂಚ ಹಾಕಿಸಿ ಕಾಯುತ್ತಿದ್ದೀಯ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ತಡವಾದದ್ದಕ್ಕೆ ಬೈಯಬೇಡ.

ಇವರು ರಿಟೈರಾದ ಮೇಲೆ ಯಾವುದೋ ರೆಸಾರ್ಟಿನವರು ಮೂಲೆಗೆ ತಳ್ಳಿದ್ದ, ಕಿಟಕಿ ಬಾಗಿಲಿನ ಕೋಣೆಯಿರುವ ಹಳೆಯ ದೋಣಿ ಕೊಂಡರಲ್ಲ, ಅದು ನಾಯಂಡಹಳ್ಳಿಯಲ್ಲಿ ದೊಡ್ಡಣ್ಣ ಎಂಬ ಬಡಗಿಯ ಶೆಡ್ಡಿನಲ್ಲಿದೆ. ಯಾವ ನೀರಿಗೆ ಇಳಿಸುತ್ತಾರೋ ದೇವರೇ ಬಲ್ಲ. ಅದೇ ವಿಷಯಕ್ಕೆ ಯುಗಾದಿಯಲ್ಲಿ ಜಗಳವಾಡಿದೆ. ಆಮೇಲೆ ಇವರದು ಮೌನವ್ರತ. ಕರೆದರೆ ಓಗೊಡುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಂಗಾರ ಬೇಕಾದಷ್ಟಾಯಿತು. ಅದಕ್ಕೇ ಹೊರಟದ್ದು.

ದೋಣಿಯ ಕಿಟಕಿಗಳೆಲ್ಲ ಸೋರುತ್ತಿದ್ದವು. ಇವರೇ ಗಾಜು ಬಿಚ್ಚಿ, ಒಣಗಿದ ಪುಟ್ಟಿ ಕೆರೆದು, ಕೊಳೆತ ಕಡೆ ಹೊಸ ತೇಗ ಕೂರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ವಾರ್ನಿಷ್ ಹೊಡೆದರು. ಕೆಲಸ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ನೀರು ಬಿಟ್ಟು ನೋಡಬೇಕಿತ್ತು. ಒಬ್ಬರು ಹೊರಗೆ ಪೈಪು ಹಿಡಿದರೆ ಇನ್ನೊಬ್ಬರು ಒಳಗೆ ಕೂತು, ಹನಿ ಕಂಡ ತಕ್ಷಣ ಕೂಗಬೇಕು. ದೊಡ್ಡಣ್ಣ ಫೋನ್ ಮಾಡಿ, "ನಾನು ಊರಿಗೆ ಬಂದಿದೀನಿ ಮೇಡಂ, ಸಾರ್ ಒಬ್ರೇ ಆಗ್ತಾರೆ, ನೀವೇ ಸ್ವಲ್ಪ ಹೋಗ್ಬಿಡಿ" ಅಂದ. ಹೊರಟವಳು ಇದೊಂದು ಮಾಡಿಯೇ ಹೋಗೋಣ ಅಂದುಕೊಂಡೆ.

ಇವರು ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತ ಬಂದರು. ಹಾಗಾದರೇ ಸೋರುವ ಜಾಗ ತಿಳಿಯುವುದಂತೆ. ಮೂರು ಕಿಟಕಿ ಒಂದು ಹನಿಯೂ ಬಿಡಲಿಲ್ಲ. ನಾಲ್ಕನೆಯದರ ಮೂಲೆಯಿಂದ ಧಾರೆಯೇ ಬಂತು. "ಸೋರ್ತಾ ಇದೆ, ನಿಲ್ಸ್ರೀ!" ಎಂದೆ. ನಿಲ್ಲಿಸಲಿಲ್ಲ. ಗಾಜು ಬಡಿದು ಕಿರುಚಿದೆ. ಇವರು ಚೌಕಟ್ಟಿನ ಮೇಲಂಚನ್ನೇ ನೋಡುತ್ತ ನೀರು ಬಿಡುತ್ತಲೇ ಇದ್ದರು. ಎಂಥ ಹಠ ಅನ್ನಿಸಿ ಮೈಯೆಲ್ಲ ಉರಿಯಿತು. ಸೀರೆ ತೊಯ್ದು ತೊಪ್ಪೆಯಾದ ಮೇಲೆ ಒಳಗೆ ಬಂದು, "ಅಯ್ಯೋ, ಕೂಗೋದಲ್ವೇನೇ?" ಎಂದರು. ನಾನು ಸೆರಗು ಹಿಂಡಿಕೊಂಡು ದೋಣಿಯಿಂದ ಇಳಿದುಬಿಟ್ಟೆ.

ಭಾವನಿಗೆ ನಮಸ್ಕಾರ. ಗಗನಾಳಿಗೆ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ.

ನಿನ್ನ ತಂಗಿ,
ವತ್ಸಲಾ

ಮರೆತ ಮಾತು: ನಿನ್ನೆ ಇವರ ಬೆನ್ನ ಹಿಂದೆ ನಿಂತು "ಕಾಫಿ ಕೊಡ್ಲಾ?" ಎಂದೆ. ಗಟ್ಟಿಯಾಗಿ ಇನ್ನೊಮ್ಮೆ ಎಂದೆ. ತಟ್ಟೆಯನ್ನೇ ಬೀಳಿಸಿದೆ. ತಿರುಗಲಿಲ್ಲ. ಎದುರಿಗೆ ಹೋಗಿ ಕೇಳಿದಾಗ ನನ್ನ ತುಟಿ ನೋಡಿ "ಕೊಡು" ಎಂದರು. ನನಗೆ ಅಳು ತಡೆಯಲಾಗಲಿಲ್ಲ, ಅಕ್ಕ. ಕಿವಿ ಮಂದವಾದದ್ದನ್ನು ಯಾಕೆ ಹೇಳಲಿಲ್ಲ, ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಯುಗಾದಿಯಿಂದ ನೀನೇ ಮಾತು ಬಿಟ್ಟಿದ್ಯಲ್ಲ, ಇನ್ನು ಕೇಳಿಸ್ಕೊಳ್ಳೋಕೆ ಏನಿದೆ ಅಂದ್ಕೊಂಡೆ" ಎಂದರು.

ಮಂಚ ಎತ್ತಿಸಿಬಿಡು.