ಮದುವೆಯ ಸಿಡಿಯಲ್ಲಿ ನೀವು ಹೇಳಿದ್ದು

ಬೋವಿಕಾನ
9 ಜೂನ್ 2025

ಗುಣಪಾಲರಿಗೆ,

ನಮಸ್ಕಾರ. ಮೊದಲು "ಪ್ರೀತಿಯ" ಎಂದು ಬರೆದೆ, ಮತ್ತೆ ಹೊಡೆದುಹಾಕಿದೆ.

ಅಮ್ಮನ ಪಿಂಚಣಿ ಕೇಸಿನಲ್ಲಿ ಕೋರ್ಟಿಗೆ ನೀವು ಕೊಟ್ಟ ಅಫಿಡವಿಟ್ಟನ್ನು ನಮ್ಮ ವಕೀಲೆ ಶ್ರೀವಾಣಿ ನನಗೆ ತೋರಿಸಿದರು. ನನ್ನ ಅಮ್ಮ ಪಂಕಜಾಕ್ಷಿ ನಿಮ್ಮ ಗೇರುಬೀಜದ ಫ್ಯಾಕ್ಟರಿಗೆ ಸೇರಿದ್ದೇ 2016ರಲ್ಲಂತೆ. ಹತ್ತು ವರ್ಷ ತುಂಬದ ಕಾರಣ ಪಿಂಚಣಿ ಇಲ್ಲವಂತೆ. ಅವರ ಜೊತೆ ಬೀಜ ಸುಲಿದ ಉಳಿದ ಹೆಂಗಸರಿಗೂ ಅದೇ ಉತ್ತರ. ಕೆಳಗೆ ಮ್ಯಾನೇಜರ್ ಎಂದು ನಿಮ್ಮ ರುಜು. ಗೇರೆಣ್ಣೆಗೆ ಕಪ್ಪಾದ ಆ ಕೈಗಳು ಬಡಿಸಿದ್ದನ್ನು ಎಷ್ಟು ವರ್ಷ ಉಂಡಿರಿ! ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ.

ಅಮ್ಮ ಅಲ್ಲಿ ಎಷ್ಟು ಹಳಬರೆಂದು ನೀವು ಮನೆಯಲ್ಲಿ ಹೇಳಿದ್ದನ್ನೆಲ್ಲ ಕೋರ್ಟಿನಲ್ಲಿ ಹೇಳಿಬಿಡುತ್ತೇನೆ ಎಂದೆ. ಗಂಡ ಹೆಂಡತಿಗೆ ಗುಟ್ಟಾಗಿ ಹೇಳಿದ್ದನ್ನು ಕೋರ್ಟು ಒಪ್ಪುವುದಿಲ್ಲ ಎಂದು ಶ್ರೀವಾಣಿ ತಡೆದರು. "ಎಲ್ಲರೆದುರು ಹೇಳಿದ್ದು ಎಂತಾದ್ರೂ ಉಂಟಾ?" ಎಂದು ಕೇಳಿದರು. ಆಗ ನಮ್ಮ ಮದುವೆ ನೆನಪಾಯಿತು.

2009, ಕುಂಬಳೆಯ ಹಾಲ್. ಮೈಕ್ ಕಂಡರೆ ನಿಮಗೆ ಮೈಮೇಲೆ ದೈವದ ದರ್ಶನ ಬಂದ ಹಾಗೆ. ಆಗಿನ್ನೂ ಸೂಪರ್‌ವೈಸರ್ ಆಗಿದ್ದ ನೀವು ಅಮ್ಮನನ್ನೂ ಅವರ ಗೆಳತಿಯರನ್ನೂ ವಿಡಿಯೊದವನ ಎದುರು ಸಾಲಾಗಿ ನಿಲ್ಲಿಸಿದಿರಿ. "ಇವ್ರೆಲ್ಲ ನಮ್ಮ ಫ್ಯಾಕ್ಟರಿಯವ್ರು. ನಾನು ಸೇರುವ ಮೊದ್ಲೇ ಇದ್ದವ್ರು. ಇವ್ರಿಲ್ಲದಿದ್ರೆ ಫ್ಯಾಕ್ಟರಿಯೇ ಇಲ್ಲ ಮಾರಾಯ್ರೆ" ಎಂದು ಭಾಷಣ ಬಿಗಿದಿರಿ. ಮದುವೆಯ ಸಿಡಿಯಲ್ಲಿರುವ ಆ ಮಾತೇ ಈಗ ಸಾಕ್ಷಿ.

ನಿಮ್ಮ ಫ್ಯಾಕ್ಟರಿಯ ಲತೇಶನ ಕೈಯಲ್ಲಿ ನೀವು ಕಳಿಸಿದ ರಾಜಿಯ ಕಾಗದವೂ ಬಂತು. ಅಮ್ಮನೊಬ್ಬರಿಗೆ ಮಾತ್ರ ಪಿಂಚಣಿ, ಆದರೆ ಹೊರಗೆ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಬೇಕು. "ಉಳಿದವ್ರ ಮುಖ ನಾನು ಹೇಗೆ ನೋಡುದು?" ಎಂದು ಅಮ್ಮ ಹಿಂದಕ್ಕೆ ಕೊಟ್ಟರು. ನಾನಾಗಿದ್ದರೆ ಹರಿದು ಒಲೆಗೆ ಹಾಕುತ್ತಿದ್ದೆ.

ಮನೆಯ ಮಾತು ಹೊರಗೆ ಹೋಗಬಾರದು ಎಂದು ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದಿರಿ. ಆಗಲಿ, ನಾನು ಮಾತಾಡುವುದಿಲ್ಲ. ಕೋರ್ಟಿನಲ್ಲಿ ನಿಮ್ಮ ಬಾಯಿಯೇ ಮಾತಾಡಲಿದೆ. ಆಗ ನಿಮ್ಮ ಮುಖ ನೋಡಬೇಕೆಂದು ಎಷ್ಟು ಆಸೆ ನನಗೆ! ಮುಂದಿನ ಬೆಂಚಿನಲ್ಲೇ ಕೂತಿರುತ್ತೇನೆ.

ಕಾಗದದಲ್ಲಿ ಮಾತ್ರ ಇನ್ನೂ ನಿಮ್ಮ ಹೆಂಡತಿ,
ನಳಿನಾಕ್ಷಿ

ಹೇಳಲು ಮರೆತೆ: ಕಳೆದ ವಾರ ನಾನಿಲ್ಲದಾಗ ಬಂದು ಕಪಾಟಿನಿಂದ ಮದುವೆಯ ಸಿಡಿ ಕೊಂಡುಹೋದಿರಲ್ಲ, ಅದು ನಿಮ್ಮಲ್ಲೇ ಇರಲಿ. ಕೋರ್ಟಿಗೆ ಹೋದದ್ದು ನಿಮ್ಮ ಅಮ್ಮನ ಹತ್ತಿರವಿದ್ದ ಇನ್ನೊಂದು. ಅವರೇ ಬಸ್ಸು ಹತ್ತಿ ಬಂದು ನನ್ನ ಕೈಗಿಟ್ಟರು. "ನನ್ನ ಮಗ ಸತ್ಯ ಹೇಳಿದ್ದು ಇದ್ರಲ್ಲಿ ಉಂಟು, ಜಡ್ಜಿಯವ್ರೂ ನೋಡ್ಲಿ" ಎಂದರು.